ಪುಪುಸಾ ತಟ್ಟುವ ಕೈಗಳು

ವಾಷಿಂಗ್ಟನ್ ನಗರದ ಮೌಂಟ್ ಪ್ಲೆಸೆಂಟ್ ಬಡಾವಣೆಯಲ್ಲಿ ಮಧ್ಯಾಹ್ನದ ಹೊತ್ತು ಪುಪುಸಾ ಮಾರುವ ಪುಪುಸೆರಿಯಾ ಒಂದನ್ನು ಹೊಕ್ಕರೆ ಮೊದಲು ಕಿವಿಗೆ ಬೀಳುವುದು ಒಳಗಿನಿಂದ ಬರುವ ಚಪ್ ಚಪ್ ಸದ್ದು. ಹಿಟ್ಟಿನ ಉಂಡೆಯನ್ನು ಎರಡು ಅಂಗೈಗಳ ನಡುವೆ ತಿರುಗಿಸುತ್ತ ತಟ್ಟುವ ಸದ್ದು ಅದು. ಲಟ್ಟಣಿಗೆ ಬೇಡ, ಅಚ್ಚು ಬೇಡ. ತಟ್ಟುವವರು ಹೆಚ್ಚಾಗಿ ಹೆಂಗಸರು. ಮಧ್ಯ ಅಮೆರಿಕದ ಪುಟ್ಟ ದೇಶ ಎಲ್ ಸಾಲ್ವಡಾರ್‌ನ ರಾಷ್ಟ್ರೀಯ ತಿನಿಸಾದ ಪುಪುಸಾ ಇಂದಿಗೂ ಉಳಿದಿರುವುದು ಈ ಕೈಗಳ ಮೇಲೆ.

ಮೆಕ್ಕೆಜೋಳದ ಕಣಕದ ಉಂಡೆಯಲ್ಲಿ ಹೆಬ್ಬೆರಳಿನಿಂದ ಗುಳಿ ಮಾಡಿ, ಗಿಣ್ಣನ್ನೋ (ಚೀಸ್) ಬೀನ್ಸ್ ಕಾಳನ್ನು ಬೇಯಿಸಿ ಅರೆದು ಹುರಿದ ಮುದ್ದೆಯನ್ನೋ ಇಟ್ಟು, ಹೋಳಿಗೆಗೆ ಹೂರಣ ತುಂಬಿದಂತೆ ಬಾಯಿ ಮುಚ್ಚುತ್ತಾರೆ. ಆಮೇಲೆ ತಟ್ಟಿ ಬಿಸಿ ಕಾವಲಿಗೆ ಹಾಕುತ್ತಾರೆ. ಮಗುಚಿ ಹಾಕುವಷ್ಟರಲ್ಲಿ ಒಳಗಿನ ಗಿಣ್ಣು ಅಂಚಿನಿಂದ ಸ್ವಲ್ಪ ಸೋರಿ, ಕಾವಲಿಗೆ ತಾಗಿ ಗರಿಗರಿಯಾಗುತ್ತದೆ. ತಿನ್ನಬಲ್ಲವರು ಮೊದಲು ಹುಡುಕುವುದು ಆ ಕಂದು ಅಂಚನ್ನೇ. ಲೊರೊಕೊ ಎಂಬ ಬಳ್ಳಿಯ ಎಳೆ ಹೂಮೊಗ್ಗನ್ನು ಗಿಣ್ಣಿನ ಜೊತೆ ತುಂಬುವುದೂ ಉಂಟು. ಅದರ ಹಸಿರು, ತುಸು ಘಾಟು ಕಂಪು ಒಮ್ಮೆ ಹಿಡಿಸಿತೆಂದರೆ ಬೇರೆ ಹೂರಣ ಬೇಡವೆನಿಸುತ್ತದೆ.

ಕಣಕದ ಗುಟ್ಟು ಸುಣ್ಣದಲ್ಲಿದೆ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಲು ಬಿಟ್ಟು, ಸಿಪ್ಪೆ ತೊಳೆದು ರುಬ್ಬುತ್ತಾರೆ. ಬಿರಿಯದೆ ತಟ್ಟಿಸಿಕೊಳ್ಳುವ ಅಂಟು ಬರುವುದು ಹಾಗೆ. ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುವುದೂ ಇದರಿಂದಲೇ. ಮೆಕ್ಕೆಜೋಳವನ್ನು ಯುರೋಪಿಗೆ ಒಯ್ದವರು ಸುಣ್ಣದ ಈ ವಿದ್ಯೆಯನ್ನು ಒಯ್ಯಲಿಲ್ಲ; ಜೋಳವನ್ನೇ ನೆಚ್ಚಿ ಬದುಕಿದ ಉತ್ತರ ಇಟಲಿಯ ಬಡವರನ್ನು ನಯಾಸಿನ್ ಕೊರತೆಯ ಪೆಲಾಗ್ರಾ ರೋಗ ಕಾಡಿತು. ಅಡುಗೆಮನೆಯ ಅರಿವು ಎಷ್ಟು ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗಂತೂ ಬೇಡ.

ಎಲ್ ಸಾಲ್ವಡಾರ್‌ನಲ್ಲಿ ಮೆಕ್ಕೆಜೋಳದ ಬೇಸಾಯ ಬಹಳ ಹಳೆಯದು. 1976ರಲ್ಲಿ ಧಾನ್ಯದ ಕಣಜ ಕಟ್ಟಲೆಂದು ನೆಲ ಸಮ ಮಾಡುತ್ತಿದ್ದಾಗ, ಕ್ರಿ.ಶ. 600ರ ಸುಮಾರಿಗೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹೋಯಾ ದೆ ಸೆರೆನ್ ಎಂಬ ರೈತರ ಹಳ್ಳಿ ಸಿಕ್ಕಿತು. ಜೋಳ, ಬೀನ್ಸ್, ಬೀಸುವ ಕಲ್ಲು ಎಲ್ಲವೂ ಅಲ್ಲೇ ಇದ್ದವು. 1993ರಲ್ಲಿ ಅದು ಯುನೆಸ್ಕೋ ಪಟ್ಟಿಗೆ ಸೇರಿತು.

ತಾಯ್ನಾಡಿನಲ್ಲಿ ಪುಪುಸಾ ಮುಖ್ಯವಾಗಿ ಸಂಜೆಯ, ಬೆಳಗಿನ ತಿನಿಸು. ಕತ್ತಲಾಗುವ ಹೊತ್ತಿಗೆ ರಸ್ತೆಬದಿಯ ಕಾವಲಿಗಳು ಕಾಯುತ್ತವೆ. ಅದನ್ನು ನಡುಹಗಲಿನ ಊಟವಾಗಿಸಿದ್ದು ವಲಸೆಯ ಬದುಕು. 1980ರಿಂದ 1992ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸುಮಾರು 75,000 ಜನ ಸತ್ತರು. ಲಕ್ಷಾಂತರ ಜನ ಲಾಸ್ ಏಂಜಲೀಸ್, ಹ್ಯೂಸ್ಟನ್, ವಾಷಿಂಗ್ಟನ್‌ಗಳ ದಾರಿ ಹಿಡಿದರು. ವಾಷಿಂಗ್ಟನ್‌ಗಂತೂ ದೇಶದ ಪೂರ್ವ ಭಾಗದ ಇಂತಿಪುಕಾ ಊರಿನವರು ಯುದ್ಧಕ್ಕೂ ಮೊದಲೇ ಬರತೊಡಗಿದ್ದರು. ಒಬ್ಬರ ಬೆನ್ನಿಗೆ ಒಬ್ಬರಂತೆ ಊರಿಗೆ ಊರೇ ಬಂದಂತಾಯಿತು. ಕಟ್ಟಡ ಕಟ್ಟುವವರು, ಕಚೇರಿಗಳ ಕಸ ಗುಡಿಸುವವರು, ಹೋಟೆಲುಗಳಲ್ಲಿ ಪಾತ್ರೆ ತೊಳೆಯುವವರು: ಇವರಿಗೆ ಕಡಿಮೆ ಹಣದಲ್ಲಿ ಹೊಟ್ಟೆ ತುಂಬಬೇಕಿತ್ತು, ಊರಿನ ರುಚಿಯೂ ಬೇಕಿತ್ತು. ಮನೆಯಲ್ಲಿ ತಟ್ಟಿ ಮಾರುತ್ತಿದ್ದ ಹೆಂಗಸರಲ್ಲಿ ಕೆಲವರು ಅಂಗಡಿಯನ್ನೇ ತೆರೆದರು. ಊರು ಬಿಟ್ಟು ಓಡಿಬಂದವರು ಮತ್ತೆ ನೆಲೆ ಕಂಡುಕೊಳ್ಳಲು ಈ ಅಡುಗೆ ಆಸರೆಯಾಯಿತು. ಪುಪುಸೆರಿಯಾವನ್ನು ಬರೀ ಹೋಟೆಲು ಎನ್ನಲು ನನಗೆ ಮನಸ್ಸು ಬಾರದಿರುವುದು ಇದಕ್ಕೇ. ತಾಯ್ನಾಡೂ ಈ ತಿನಿಸನ್ನು ಮರೆಯಲಿಲ್ಲ: 2005ರಲ್ಲಿ ಎಲ್ ಸಾಲ್ವಡಾರ್‌ನ ಶಾಸನಸಭೆ ನವೆಂಬರಿನ ಎರಡನೇ ಭಾನುವಾರವನ್ನು ಪುಪುಸಾ ದಿನವೆಂದು ಸಾರಿತು.

ಪುಪುಸೆರಿಯಾದ ಮೇಜಿನ ಮೇಲೆ ಡಬ್ಬಿಯಲ್ಲೋ ಬಟ್ಟಲಿನಲ್ಲೋ ಕುರ್ತಿದೋ ಇರುತ್ತದೆ: ಸಣ್ಣಗೆ ಹೆಚ್ಚಿದ ಎಲೆಕೋಸು, ಕ್ಯಾರೆಟ್, ಈರುಳ್ಳಿಗೆ ಓರೆಗಾನೊ, ವಿನೆಗರ್ ಬೆರೆಸಿ ಹುಳಿ ಬರಿಸಿದ್ದು. ಅದನ್ನು ಪುಪುಸಾದ ಮೇಲೆ ಧಾರಾಳವಾಗಿ ಹರಡಿ, ತೆಳ್ಳನೆಯ ಟೊಮೆಟೊ ಸಾಸ್ ಸುರಿದು, ಕೈಯಿಂದಲೇ ಮುರಿದು ತಿನ್ನಬೇಕು. ಗಿಣ್ಣಿನ ಜಿಡ್ಡನ್ನು ಹುಳಿ ಹದಕ್ಕೆ ತರುತ್ತದೆ, ನಾಲಿಗೆ ಮುಂದಿನ ತುತ್ತಿಗೆ ಸಿದ್ಧವಾಗುತ್ತದೆ. ಚಾಕು, ಫೋರ್ಕ್ ಯಾರೂ ಕೇಳುವುದಿಲ್ಲ. ಎರಡು ತಿಂದರೆ ಊಟವಾಯಿತು.

ಮಾಂಸ ತಿನ್ನದವರು ಪುಪುಸಾ ಹೇಳುವಾಗ ಎಚ್ಚರವಿರಲಿ. 'ರೆವುಯೆಲ್ತಾ' ಎಂದರೆ ಹಂದಿಮಾಂಸ, ಬೀನ್ಸ್, ಗಿಣ್ಣು ಕಲಸಿದ್ದು. ಬರೀ ಬೀನ್ಸ್ ಕೇಳಿದರೂ ಅದನ್ನು ಹಂದಿಯ ಕೊಬ್ಬಿನಲ್ಲಿ ಹುರಿದಿರಬಹುದು, ವಿಚಾರಿಸಿಯೇ ತರಿಸಿಕೊಳ್ಳಿ. ಗಿಣ್ಣು-ಲೊರೊಕೊ ತುಂಬಿದ್ದು ಹೆಚ್ಚು ನಿಶ್ಚಿಂತೆಯ ಆಯ್ಕೆ. ಸಾನ್ ಸಾಲ್ವಡಾರ್ ಬಳಿಯ ಒಲೊಕುಯಿಲ್ತಾ ಊರು ಅಕ್ಕಿಹಿಟ್ಟಿನ ಪುಪುಸಾಕ್ಕೆ ಹೆಸರಾದದ್ದು. ಆ ಬಗೆಯದು ಸಿಗುವ ಕಡೆ 'ದೆ ಅರ್ರೋಸ್' ಎಂದು ಕೇಳಿ ತರಿಸಬೇಕು. ಜೋಳದ್ದಕ್ಕಿಂತ ಹೊರಮೈ ಗರಿಗರಿ, ಬಣ್ಣ ಬಿಳಿ. ಕುಡಿಯಲು ಮೊರ್ರೊ ಕಾಯಿಯ ಬೀಜವನ್ನು ಮಸಾಲೆಯ ಜೊತೆ ಅರೆದು ಮಾಡಿದ ತಣ್ಣನೆಯ ಒರ್ಚಾತಾ ಇರುತ್ತದೆ, ಹುಣಸೆಹಣ್ಣಿನ ಪಾನಕವೂ ಇರುತ್ತದೆ.