ಸ್ಟಾಕ್‌ಹೋಮಿನ ಸೇತುವೆ ಸುಂಕ

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ದ್ವೀಪಗಳ ಮೇಲೆ ಹರಡಿಕೊಂಡ ನಗರ. ಅದರ ನಡುಭಾಗವನ್ನು ಸೇರಲು ಬಹುಮಟ್ಟಿಗೆ ಸೇತುವೆಗಳೇ ದಾರಿ. ಬೆಳಿಗ್ಗೆ, ಸಂಜೆ ಅವುಗಳ ಮೇಲೆ ಕಾರುಗಳು ಸಾಲುಗಟ್ಟಿ ನಿಲ್ಲುವುದು ವಾಡಿಕೆಯಾಗಿದ್ದಿತು. 2005ರ ಆಗಸ್ಟಿನಲ್ಲಿ ಆಡಳಿತದವರು ಮೊದಲು ಹೊಸ ಬಸ್ಸುಗಳನ್ನು ಓಡಿಸಿದರು. ಬಸ್ಸು ಹೆಚ್ಚಿದ ಮಾತ್ರಕ್ಕೆ ಕಾರು ಕಡಿಮೆಯಾಗಲಿಲ್ಲ.

2006ರ ಜನವರಿ 3ರಂದು ಸುಂಕ ಬಂದಿತು: ಹೊತ್ತಿಗೆ ತಕ್ಕಂತೆ 10, 15 ಇಲ್ಲವೆ 20 ಕ್ರೋನರ್, ದಿನಕ್ಕೆ 60ರ ಮಿತಿ. ಗಡಿಯ ತನಿಖಾ ಠಾಣೆಗಳಲ್ಲಿ ಕಾದು ಬೇಸತ್ತ ನಮ್ಮವರಿಗೆ ಸುಂಕವೆಂದೊಡನೆ ಲಾರಿಗಳ ಸಾಲೇ ನೆನಪಾದೀತು. ಅಲ್ಲಿ ಯಾರೂ ನಿಲ್ಲಬೇಕಾಗಿರಲಿಲ್ಲ; ಕ್ಯಾಮೆರಾಗಳೇ ವಾಹನದ ಸಂಖ್ಯೆಯನ್ನು ಓದಿಕೊಳ್ಳುತ್ತಿದ್ದವು. ಒಳಹೊರಗೆ ದಾಟುವ ವಾಹನಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಅಷ್ಟು ಸರಿದರೆ ಸಾಕು, ಸಾಲು ಕರಗುತ್ತದೆ. ಜುಲೈ 31ಕ್ಕೆ ಪ್ರಯೋಗ ಮುಗಿದೊಡನೆ ಕಾರುಗಳು ಬಹುಪಾಲು ಮರಳಿದವು.

ಮೊದಲು ಗೊಣಗಿದ್ದ ನಗರವಾಸಿಗಳೇ ಸೆಪ್ಟೆಂಬರಿನ ಜನಮತಗಣನೆಯಲ್ಲಿ ಸುಂಕಕ್ಕೆ ಬಹುಮತವಿತ್ತರು. ಆದರೆ ಪ್ರತ್ಯೇಕವಾಗಿ ಮತ ನಡೆಸಿದ ಸುತ್ತಲಿನ ಊರುಗಳಲ್ಲಿ ಒಟ್ಟಾರೆ ಬೇಡವೆಂದವರೇ ಹೆಚ್ಚು. ನಿತ್ಯ ಸೇತುವೆ ದಾಟಿ ದುಡಿಯಲು ಹೋಗುವವರ ಆ ಮಾತನ್ನು ತಳ್ಳಿಹಾಕುವಂತಿಲ್ಲ. 2007ರ ಆಗಸ್ಟ್ 1ರಿಂದ ಸುಂಕ ಕಾಯಂ ಆಯಿತು. ಅದರ ಹಣವನ್ನು ಹೊಸ ರಸ್ತೆಗಳಿಗೆಂದು ತೆಗೆದಿರಿಸಿದರು. ಕಾರು ಬಿಟ್ಟು ಬಸ್ಸು ಹತ್ತಿದವನಿಗೆ ಇದು ನ್ಯಾಯವೆಂದು ಹೇಗೆ ತೋರೀತು?