ಮೂರು ಸೀಟಿ ಸಾಲಲ್ಲ

ಕಳೆದ ರಜೆಯಲ್ಲಿ ಮುನಿರಾಬಾದಿನ ಗೆಳೆಯನ ಮನೆಗೆ ಹೋದಾಗ ನಮಗೊಂದು ಐಡಿಯಾ ಬಂತು. ಡ್ಯಾಮಿನ ಮೀನಿನ ಸಾರನ್ನು ಗಾಜಿನ ಬಾಟಲಿಗೆ ತುಂಬಿ, ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ ಸೀಲ್ ಮಾಡಿದರೆ ಹಾಸ್ಟೆಲಿನಲ್ಲಿ ತಿಂಗಳುಗಟ್ಟಲೆ ತಿನ್ನಬಹುದಲ್ವಾ? ಅಮೆರಿಕದ ಮನೆಗಳಲ್ಲಿ ಮಾಡೋ ಪ್ರೆಶರ್ ಕ್ಯಾನಿಂಗ್ ಅಂದ್ರೆ ಇದೇ ಅಂದುಕೊಂಡಿದ್ದೆವು. ಓದಿ ನೋಡಿದ ಮೇಲೆ ಬಾಟಲಿ ಕೆಳಗಿಟ್ಟೆವು.

ಕಾರಣ, ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಅನ್ನೋ ಬ್ಯಾಕ್ಟೀರಿಯಾ. ಅದು ಮಣ್ಣಲ್ಲೂ ನೀರಿನ ತಳದ ಕೆಸರಲ್ಲೂ ಇರುತ್ತೆ. ಅದರ ಬೀಜಕಣಗಳು ಕುದಿಯೋ ನೀರಿಗೂ ಜಗ್ಗಲ್ಲ. ಗಾಳಿಯಿಲ್ಲದ, ತೇವ ಇರುವ, ಹುಳಿ ಕಡಿಮೆಯಾದ (ಪಿಎಚ್ 4.6ಕ್ಕಿಂತ ಹೆಚ್ಚು) ಆಹಾರ ಸಿಕ್ಕರೆ ಮೊಳೆತು ವಿಷ ಬಿಡುತ್ತವೆ. ಹೊರಗಿಟ್ಟ ಸೀಲ್ ಬಾಟಲಿ ಅಂದ್ರೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ವಾಸನೆ, ರುಚಿ ಕೆಡದಿದ್ದರೂ ಒಳಗೆ ವಿಷ ಇರಬಹುದು. ಅದು ನರಗಳನ್ನು ಹಿಡಿದು ಉಸಿರಾಟವನ್ನೇ ನಿಲ್ಲಿಸಬಲ್ಲದು.

ಈ ಕಣಗಳನ್ನು ಕೊಲ್ಲೋಕೆ 116ರಿಂದ 121 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಕ್ಯಾನರ್ ಅದನ್ನು ಒತ್ತಡದ ಹಬೆಯಿಂದ ಕೊಡುತ್ತೆ. ಮೊದಲು 10 ನಿಮಿಷ ಹಬೆಯನ್ನು ಹೊರಗೆ ಬಿಟ್ಟು ಒಳಗಿನ ಗಾಳಿ ತೆಗೀಬೇಕು. ಇಲ್ಲಿ ನಮ್ಮ ಡಾಲ್ಟನ್ ನಿಯಮ ನೆನಪಿಸಿಕೊಳ್ಳಿ: ಒಳಗೆ ಗಾಳಿ ಉಳಿದರೆ ಗೇಜ್ ಸರಿಯಾದ ಒತ್ತಡ ತೋರಿಸಿದರೂ ಶಾಖ ಕಡಿಮೆ ಇರುತ್ತೆ. ಆಮೇಲೆ ವೆಯ್ಟ್ ಇಟ್ಟು, ಒತ್ತಡ ಬಂದ ಮೇಲೆ ಟೈಮ್ ಎಣಿಸಬೇಕು. ಸುಮಾರು ಅರ್ಧ ಲೀಟರಿನ ಬಾಟಲಿಗೆ ಬೀನ್ಸ್ ಆದರೆ 20 ನಿಮಿಷ, ಹಸಿ ಮೀನಾದರೆ 100 ನಿಮಿಷ! ಕೊನೆಗೆ ತಾನಾಗೇ ತಣಿಯೋಕೆ ಬಿಡಬೇಕು.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತೆ. ತುಂಗಭದ್ರಾ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1633 ಅಡಿ. ಅಮೆರಿಕದ ಕೃಷಿ ಇಲಾಖೆಯ ನಿಯಮದ ಪ್ರಕಾರ 1000 ಅಡಿ ದಾಟಿದರೆ 10 ಪೌಂಡಿನ ವೆಯ್ಟ್ ಸಾಲಲ್ಲ, 15 ಪೌಂಡಿನದು ಬೇಕು.

ಹಾಗಾದ್ರೆ ಮನೆ ಕುಕ್ಕರಿನಲ್ಲೇ 100 ನಿಮಿಷ ಇಟ್ಟರೆ? ಬೇಡ. ಚಿಕ್ಕ ಕುಕ್ಕರ್ ಬೇಗ ಕಾಯುತ್ತೆ, ಬೇಗ ತಣಿಯುತ್ತೆ. ಆ ನಿಮಿಷಗಳನ್ನು ದೊಡ್ಡ ಕ್ಯಾನರ್ ನಿಧಾನವಾಗಿ ಕಾದು ತಣಿಯೋದನ್ನೂ ಸೇರಿಸಿ ನಿಗದಿ ಮಾಡಿರ್ತಾರೆ.

ನಮ್ಮ ಕಡೆಯ ಅಜ್ಜಿಯರು ಇದೇ ಸಮಸ್ಯೆಯನ್ನು ಬೇರೆ ದಾರಿಯಲ್ಲಿ ಬಗೆಹರಿಸಿದ್ದರು. ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿಯಲ್ಲಿ ನೀರಿಲ್ಲ. ನಿಂಬೆ ಉಪ್ಪಿನಕಾಯಲ್ಲಿ ಹುಳಿ ಇದೆ, ಉಪ್ಪಿದೆ. ಕ್ಲಾಸ್ಟ್ರಿಡಿಯಂಗೆ ಅಲ್ಲಿ ಜಾಗವಿಲ್ಲ. ಹಾಸ್ಟೆಲಿಗೆ ನಾವು ತಂದದ್ದೂ ಅವನ್ನೇ. ಮೀನಿನ ಸಾರನ್ನು ಮುನಿರಾಬಾದಿನಲ್ಲೇ, ಬಿಸಿಬಿಸಿ ಇದ್ದಾಗಲೇ ಉಂಡು ಬಂದೆವು.