ದೋಷಗಳ ದಫ್ತರ

ತಂತ್ರಾಂಶದಲ್ಲಿ ಕಂಡ ದೋಷವನ್ನೋ ಬೇಕೆನಿಸಿದ ಹೊಸ ಸೌಲಭ್ಯವನ್ನೋ ದಾಖಲಿಸಿ, ಅದಕ್ಕೊಂದು ಕ್ರಮಸಂಖ್ಯೆ ಕೊಟ್ಟು, ಅದು ಪರಿಹಾರವಾಗುವವರೆಗೆ ನಡೆದ ಚರ್ಚೆಯನ್ನೆಲ್ಲ ಆ ಸಂಖ್ಯೆಯಡಿಯಲ್ಲೇ ಕಾಪಿಡುವ ವ್ಯವಸ್ಥೆಗೆ ಇಶ್ಯೂ ಟ್ರ್ಯಾಕರ್ ಎಂದು ಹೆಸರು. ಬಗ್ ಟ್ರ್ಯಾಕರ್ ಎಂಬ ಹಳೆಯ ಹೆಸರೂ ಬಳಕೆಯಲ್ಲಿದೆ. ಮೂಲತಃ ಇದೊಂದು ದತ್ತಸಂಚಯ: ದೋಷ ಯಾವ ಆವೃತ್ತಿಯದು, ಅದನ್ನು ತಿಳಿಸಿದವರು ಯಾರು, ತಿದ್ದುವ ಹೊಣೆ ಹೊತ್ತವರು ಯಾರು, ಕೆಲಸ ಎಲ್ಲಿಗೆ ಬಂದಿದೆ ಎಂಬ ವಿವರಗಳು ಅದರಲ್ಲಿ ಇರುತ್ತವೆ. ಕಂಪನಿಯೊಂದರಲ್ಲಿ ಇದು ಕೆಲಸ ಹಂಚುವ ಸಾಧನವಷ್ಟೇ ಆಗಿರಬಹುದು. ಆದರೆ ಮುಕ್ತ ತಂತ್ರಾಂಶವನ್ನು, ಅಂದರೆ ಆಕರ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು ಕಟ್ಟುವವರಲ್ಲಿ ಹೆಚ್ಚಿನವರು ಒಬ್ಬರನ್ನೊಬ್ಬರು ಎಂದೂ ಕಂಡಿರುವುದಿಲ್ಲ. ಅವರು ಬೇರೆ ಬೇರೆ ದೇಶಗಳಲ್ಲಿದ್ದು, ಬಿಡುವಾದಾಗ ಬಂದು ಕೆಲಸ ಮಾಡಿ ಹೋಗುತ್ತಾರೆ. ಸಂಕೇತದ ಒಂದು ಸಾಲು ಹೀಗೇಕಿದೆ ಎಂಬ ಪ್ರಶ್ನೆ ಹತ್ತು ವರ್ಷಗಳ ನಂತರ ಎದ್ದರೆ, ಅದನ್ನು ಬರೆದವರು ಸಿಗದಿದ್ದರೂ ಉತ್ತರ ಈ ದಫ್ತರದಲ್ಲಿ ಸಿಗುತ್ತದೆ. ಆದ್ದರಿಂದ ಯಾವ ಟ್ರ್ಯಾಕರ್ ಬೇಕು ಎಂಬ ಪ್ರಶ್ನೆಯೊಳಗೆ, ಸಮುದಾಯದ ನೆನಪನ್ನು ಯಾರ ವಶಕ್ಕೆ ಕೊಡಬೇಕು ಎಂಬ ಇನ್ನೊಂದು ಪ್ರಶ್ನೆ ಸೇರಿಕೊಂಡಿರುತ್ತದೆ.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಸಮುದಾಯವು ಈ ಪ್ರಶ್ನೆಯನ್ನು ಎರಡು ಸಲ ಬಹಿರಂಗವಾಗಿ ಚರ್ಚಿಸಿ, ಎರಡು ಸಲವೂ ಬೇರೆ ಬೇರೆ ತೀರ್ಮಾನಕ್ಕೆ ಬಂದದ್ದು ಗಮನಾರ್ಹ. ಮುಕ್ತ ಯೋಜನೆಗಳಿಗೆ ಉಚಿತ ನೆಲೆ ಕೊಡುತ್ತಿದ್ದ ಸೋರ್ಸ್‌ಫೋರ್ಜ್ ತಾಣದ ಟ್ರ್ಯಾಕರ್ ಸಾಲದಾದಾಗ, 2006ರಲ್ಲಿ ಜೀರಾ, ರೌಂಡಪ್, ಟ್ರ್ಯಾಕ್ ಮತ್ತು ಲಾಂಚ್‌ಪ್ಯಾಡ್ ಎಂಬ ನಾಲ್ಕು ಸಾಧನಗಳನ್ನು ಪರೀಕ್ಷೆಗೆ ಒಡ್ಡಲಾಯಿತು. ಪರಿಶೀಲನಾ ಸಮಿತಿಯ ಮೊದಲ ಒಲವು ಅಟ್ಲಾಸಿಯನ್ ಕಂಪನಿಯ ಜೀರಾದ ಕಡೆಗಿತ್ತು. ಅದನ್ನು ನಡೆಸಿಕೊಡುವ ಹೊಣೆಯನ್ನು ಸರ್ವರ್ ಸೇವೆಯ ಸಂಸ್ಥೆಯೊಂದು ಹೊರಲು ಸಿದ್ಧವಿತ್ತು. ಎರಡನೆಯ ಸ್ಥಾನದಲ್ಲಿದ್ದ ರೌಂಡಪ್, ಕಾ-ಪಿಂಗ್ ಯೀ ರೂಪರೇಖೆ ಹಾಕಿ ರಿಚರ್ಡ್ ಜೋನ್ಸ್ ಪೈಥಾನ್‌ನಲ್ಲಿಯೇ ಬರೆದ ಮುಕ್ತ ತಂತ್ರಾಂಶ. ಅದನ್ನು ನೋಡಿಕೊಳ್ಳಲು ಸಾಕಷ್ಟು ಸ್ವಯಂಸೇವಕರು ಮುಂದೆ ಬಂದರೆ ಅದನ್ನೇ ಆರಿಸಬಹುದೆಂದು ಸಮಿತಿ ಹೇಳಿತು; ಜನ ಮುಂದೆ ಬಂದರು, 2007ರಲ್ಲಿ ದಫ್ತರ ರೌಂಡಪ್‌ಗೆ ವರ್ಗವಾಯಿತು. ತೂಗುವಾಗ ಕೊನೆಗೆ ಹೆಚ್ಚು ಭಾರವೆನಿಸಿದ್ದು ಸಾಧನದ ಸವಲತ್ತುಗಳಲ್ಲ, ಅದರ ಆರೈಕೆಗೆ ನಿಲ್ಲುವ ಕೈಗಳು.

ಅದೇ ತಕ್ಕಡಿ ಮುಂದೆ ಇನ್ನೊಂದು ಕಡೆಗೆ ವಾಲಿತು. 2017ರ ಹೊತ್ತಿಗೆ ಪೈಥಾನ್‌ನ ಆಕರ ಸಂಕೇತ ಗಿಟ್‌ಹಬ್ ತಾಣ ಸೇರಿತ್ತು. ರೌಂಡಪ್‌ನ ಆರೈಕೆಗೆ ಉಳಿದಿದ್ದವರು ಕೆಲವರೇ. ಹೊಸದಾಗಿ ಬಂದವರು ಒಂದು ದೋಷವನ್ನು ತಿಳಿಸುವುದಕ್ಕಾಗಿಯೇ ಬೇರೊಂದು ಖಾತೆ ತೆರೆಯಬೇಕಿತ್ತು. ಟ್ರ್ಯಾಕರನ್ನೂ ಗಿಟ್‌ಹಬ್‌ಗೆ ಒಯ್ಯಬೇಕೆಂದು ಮರಿಯಾಟ್ಟ ವಿಜಯ ಮಂಡಿಸಿದ ಪ್ರಸ್ತಾವ, ಪೈಥಾನ್‌ನ ಪ್ರಸ್ತಾವಗಳ ಸರಣಿಯಲ್ಲಿ 581ನೆಯದು, 2019ರಲ್ಲಿ ಅಂಗೀಕೃತವಾಗಿ, 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಇರುವ ರೌಂಡಪ್ಪನ್ನೇ ಉತ್ತಮಪಡಿಸಬೇಕೆಂಬ ಎದುರು ಪ್ರಸ್ತಾವವೂ ಬಂದಿತ್ತು, ಮತ್ತು ಅದರ ಹಿಂದಿನ ಆತಂಕ ಹುಸಿಯಾದದ್ದೇನಲ್ಲ. ಗಿಟ್‌ಹಬ್ಬಿನ ಆಕರ ಸಂಕೇತ ಮುಕ್ತವಾಗಿಲ್ಲ. 2018ರಿಂದ ಅದು ಮೈಕ್ರೋಸಾಫ್ಟ್‌ನ ಒಡೆತನದಲ್ಲಿದೆ. ಅಮೆರಿಕದ ನಿರ್ಬಂಧಗಳಿಗೆ ಒಳಪಟ್ಟು ಅದು 2019ರಲ್ಲಿ ಇರಾನ್, ಸಿರಿಯಾ ಮತ್ತು ಕ್ರೈಮಿಯಾದ ಬಳಕೆದಾರರ ಸೇವೆಗಳನ್ನು ಮೊಟಕುಗೊಳಿಸಿತ್ತು. ಎಲ್ಲರಿಗೂ ತೆರೆದಿರಬೇಕಾದ ಬಾಗಿಲಿನ ಬೀಗದ ಕೈ ಇನ್ನೊಬ್ಬರಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಸ್ವಯಂಸೇವಕರ ಸಮುದಾಯ ಯೋಚಿಸಲೇಬೇಕು.

ವರ್ಗಾವಣೆಯಲ್ಲಿ ತಾಂತ್ರಿಕ ನಷ್ಟಗಳೂ ಇವೆ, ಅವು ಮೇಲ್ನೋಟಕ್ಕೆ ಕಾಣುವುದಿಲ್ಲ. ರೌಂಡಪ್‌ನಲ್ಲಿ ದೋಷದ ಹಂತ, ತೀರ್ಮಾನ, ಅದು ತಟ್ಟುವ ಆವೃತ್ತಿ, ಅದರಲ್ಲಿ ಆಸಕ್ತರಾದವರ ಪಟ್ಟಿ, ಹೀಗೆ ಪ್ರತಿಯೊಂದಕ್ಕೂ ನಮೂನೆಯ ಅರ್ಜಿಯಲ್ಲಿರುವಂತೆ ಪ್ರತ್ಯೇಕ ಅಂಕಣವಿತ್ತು. ಗಿಟ್‌ಹಬ್‌ನಲ್ಲಿ ಇವುಗಳಲ್ಲಿ ಬಹುಪಾಲನ್ನು ಲೇಬಲ್ ಎಂಬ ಬಿಡಿ ಚೀಟಿಗಳು ಸೂಚಿಸಬೇಕಾಯಿತು. ಚೀಟಿ ಅಂಟಿಸುವುದು ಸುಲಭ; ಆದರೆ ಒಂದನ್ನೊಂದು ಅಲ್ಲಗಳೆಯುವ ಎರಡು ಚೀಟಿಗಳು ಒಂದೇ ವರದಿಯ ಮೇಲೆ ಕೂರುವುದನ್ನು ಅಂಕಣ ತಡೆದಂತೆ ಚೀಟಿ ತಡೆಯುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ಕ್ರಮಸಂಖ್ಯೆಯ ಪ್ರಶ್ನೆ. ಸಂಕೇತಕ್ಕೆ ಮಾಡಿದ ಪ್ರತಿ ತಿದ್ದುಪಡಿಯ ಜತೆಗಿನ ಟಿಪ್ಪಣಿಯಲ್ಲಿ ದೋಷದ ಸಂಖ್ಯೆಯನ್ನು ನಮೂದಿಸುವ ರೂಢಿಯಿರುವುದರಿಂದ, ಆ ಸಂಖ್ಯೆ ಬದಲಾದರೆ ಸಂಕೇತಕ್ಕೂ ಅದರ ಕಾರಣಕ್ಕೂ ನಡುವಿನ ಕೊಂಡಿ ಕಳಚುತ್ತದೆ. ಗಿಟ್‌ಹಬ್ ದೋಷದ ವರದಿಗಳಿಗೂ ತಿದ್ದುಪಡಿಯ ಕೋರಿಕೆಗಳಿಗೂ ಒಂದೇ ಸಾಲಿನ ಸಂಖ್ಯೆಗಳನ್ನು ಹಂಚುತ್ತದೆ. ಪೈಥಾನ್‌ನ ಕೋರಿಕೆಗಳು ಆಗಲೇ ಸಾವಿರಾರು ಸಂಖ್ಯೆಗಳನ್ನು ಹಿಡಿದಿದ್ದರಿಂದ ಹಳೆಯ ವರದಿಗಳಿಗೆ ಹೊಸ ಸಂಖ್ಯೆ ಕೊಡುವುದು ಅನಿವಾರ್ಯವಾಯಿತು. ಕೊಂಡಿ ಉಳಿಸಿಕೊಳ್ಳಲು ಪ್ರತಿ ವರದಿಯಲ್ಲಿ ಅದರ ಹಳೆಯ ಸಂಖ್ಯೆಯನ್ನು ಬರೆದಿಟ್ಟು, ಹಳೆಯ ತಾಣವನ್ನು ಓದಲು ಮಾತ್ರ ಬರುವಂತೆ ಉಳಿಸಿಕೊಳ್ಳಲಾಯಿತು.

ಬೇರೆ ದಾರಿಗಳಿಲ್ಲವೆಂದಲ್ಲ. ಡೆಬಿಯನ್ ಲಿನಕ್ಸ್ ಸಮುದಾಯ 1990ರ ದಶಕದಿಂದ ಇಮೇಲ್ ಆಧಾರಿತ ಟ್ರ್ಯಾಕರನ್ನೇ ನಡೆಸಿಕೊಂಡು ಬಂದಿದ್ದು, ಅಲ್ಲಿ ವರದಿ ಸಲ್ಲಿಸುವುದೂ ಅದನ್ನು ಮುಚ್ಚುವುದೂ ಇಮೇಲ್ ಮೂಲಕವೇ ಆದ್ದರಿಂದ ಖಾತೆ ತೆರೆಯುವ ಪ್ರಮೇಯವೇ ಇಲ್ಲ. ಎಸ್‌ಕ್ಯುಲೈಟ್ ದತ್ತಸಂಚಯದ ಕರ್ತೃ ರಿಚರ್ಡ್ ಹಿಪ್ ರೂಪಿಸಿದ ಫಾಸಿಲ್, ದೋಷಗಳ ದಾಖಲೆಯನ್ನು ಸಂಕೇತದ ಜತೆಯಲ್ಲೇ ಇಡುವುದರಿಂದ ಸಂಕೇತವನ್ನು ನಕಲಿಸಿಕೊಂಡ ಪ್ರತಿಯೊಬ್ಬರ ಬಳಿಗೂ ದಫ್ತರದ ಪ್ರತಿ ತಲುಪುತ್ತದೆ. ನೆನಪನ್ನು ಕಾಯುವ ದೃಷ್ಟಿಯಿಂದ ಇಷ್ಟು ಸುಭದ್ರವಾದ ವಿನ್ಯಾಸ ವ್ಯಾಪಕವಾಗಿ ಹರಡದೆ ಹೋದದ್ದು ವಿಷಾದದ ಸಂಗತಿ.

ಮುಕ್ತ ಸಾಧನವನ್ನು ಆರಿಸಿದ ಮಾತ್ರಕ್ಕೆ ಅದು ಶಾಶ್ವತವಾಗಿ ಉಳಿಯುವುದಿಲ್ಲ. ಅದರ ತಯಾರಕರೂ ಕೈಬಿಡಬಹುದು. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆ, ಮೊಜಿಲ್ಲಕ್ಕಾಗಿ 1998ರಲ್ಲಿ ಹುಟ್ಟಿದ ಬಗ್‌ಜಿಲ್ಲವನ್ನು ಬಿಟ್ಟು 2014ರ ನವೆಂಬರ್‌ನಲ್ಲಿ ಫ್ಯಾಬ್ರಿಕೇಟರ್‌ಗೆ ಸ್ಥಳಾಂತರಗೊಂಡಿತು. 2021ರಲ್ಲಿ ಅದರ ತಯಾರಕರು ಅಭಿವೃದ್ಧಿ ನಿಲ್ಲಿಸಿದಾಗ, ಆಕರ ತೆರೆದಿದ್ದ ಕಾರಣದಿಂದಲೇ ಸ್ವಯಂಸೇವಕರು ಅದನ್ನು ಫೋರ್ಜ್ ಎಂಬ ಹೆಸರಿನಲ್ಲಿ ಮುಂದುವರಿಸಲು ಸಾಧ್ಯವಾಯಿತು. ಕನ್ನಡ ವಿಕಿಪೀಡಿಯದ ತಾಂತ್ರಿಕ ದೂರುಗಳು ಸೇರುವುದೂ ಇದೇ ದಫ್ತರಕ್ಕೆ. 2014ರ ಸ್ಥಳಾಂತರದಲ್ಲಿ ಬಗ್‌ಜಿಲ್ಲದ ಪ್ರತಿ ಸಂಖ್ಯೆಗೂ 2000 ಕೂಡಿಸಿ ಹೊಸ ಸಂಖ್ಯೆ ಕೊಡಲಾಗಿತ್ತು. ಹಾಗಾಗಿ ಯಾವುದೋ ಹಳೆಯ ಟಿಪ್ಪಣಿಯಲ್ಲಿ ಬಗ್‌ಜಿಲ್ಲದ ಸಂಖ್ಯೆಯೊಂದನ್ನು ಕಂಡ ಕನ್ನಡ ವಿಕಿಪೀಡಿಯದ ಸಂಪಾದಕರು ಇಂದಿಗೂ ಅದಕ್ಕೆ 2000 ಸೇರಿಸಿ ಹುಡುಕಿದರೆ ಮೂಲ ದೂರು, ಅದರ ಮೇಲಿನ ಚರ್ಚೆಯ ಸಮೇತ, ತೆರೆದುಕೊಳ್ಳುತ್ತದೆ.